ದಂಡು ಬಂದರೆ ಕಾಡಿನ ಪಾಡೇನು?

ದೇಶದ ಕಾವಲಿಗೆ ದಂಡು ಬೇಕು. ಇದನ್ನು ಅಲ್ಲಗಳೆಯುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ದಂಡು ಇಳಿಯಲು ನೆಲ ಬೇಕು, ಕುಡಿಯಲು ನೀರು ಬೇಕು, ಓಡಾಡಲು ರಸ್ತೆ ಬೇಕು. ಆ ನೆಲ ಯಾವುದು, ಆ ನೀರು ಎಷ್ಟು, ಕೊಟ್ಟ ಮೇಲೆ ಉಳಿಯುವುದೇನು ಎಂದು ವಿಚಾರಿಸುವುದು ಮನೆವಾರ್ತೆ ಬಲ್ಲ ಗೃಹಸ್ಥರೆಲ್ಲರ ಕರ್ತವ್ಯ.

ಉತ್ತರ ಕನ್ನಡ ಜಿಲ್ಲೆಗೆ ಈ ವಿಚಾರ ಹೊಸದಲ್ಲ. 1986ರ ಅಕ್ಟೋಬರಿನಲ್ಲಿ ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಕಾರವಾರದ ಬಳಿ ‘ಸೀಬರ್ಡ್’ ನೌಕಾನೆಲೆಗೆ ಅಡಿಗಲ್ಲನ್ನಿಟ್ಟರು. ಅದಕ್ಕಾಗಿ ಕರಾವಳಿಯಲ್ಲಿ 11,000 ಎಕರೆಗೂ ಮಿಕ್ಕ ನೆಲ ಹೋಯಿತು. 4,000ಕ್ಕೂ ಹೆಚ್ಚು ಕುಟುಂಬಗಳು ಮನೆಮಾರು ಬಿಟ್ಟು ಏಳಬೇಕಾಯಿತು. ನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ ತಿಂಗಳಲ್ಲಿ. ಪರಿಹಾರದ ವ್ಯಾಜ್ಯಗಳು ಅದಾದ ಮೇಲೂ ವರ್ಷಗಟ್ಟಲೆ ನಡೆದವು.

ಆ ನೆಲೆಗೆ ‘ಕದಂಬ’ ಎಂದು ಹೆಸರು. ಕದಂಬರ ಬನವಾಸಿ ಇರುವುದು ಘಟ್ಟದ ಮೇಲೆ, ಶಿರಸಿ ತಾಲ್ಲೂಕಿನಲ್ಲಿ. ಹೆಸರಿನಂತೆ ಕರಾವಳಿಯ ನೀರೂ ಘಟ್ಟದಿಂದಲೇ ಇಳಿಯುತ್ತದೆ. ಬೇಡ್ತಿ ಹೊಳೆ ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂದು ಹೆಸರು ಪಡೆದು ಕಡಲು ಸೇರುತ್ತದೆ. ಅಂಕೋಲೆ, ಕಾರವಾರ ಪಟ್ಟಣಗಳ ನಲ್ಲಿಗಳಿಗೆ ಬರುವುದು ಈ ಹೊಳೆಯ ನೀರು. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಮೇಲಿನ ಕಾಡು ಕೆಟ್ಟರೆ ಕೆಳಗಿನವರು ಬಾಯಾರಬೇಕಾದೀತು.

ನಾಳೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಒಂದು ಪಡೆಯನ್ನು ನೆಲೆಗೊಳಿಸುವುದಾದರೆ ಮೂರು ಸಂಗತಿಗಳನ್ನು ನೋಡಬೇಕು.

ಮೊದಲನೆಯದು ಬೆಟ್ಟ. ಹಸಿರಾಗಿ ಕಂಡ ಜಾಗವೆಲ್ಲ ಬಿಡುವಾದ ಜಾಗವಲ್ಲ. ಒಂದೊಂದು ಅಡಿಕೆ ತೋಟದ ಬೆನ್ನಿಗೂ ಸೊಪ್ಪಿನಬೆಟ್ಟವಿದೆ. ಅಲ್ಲಿಯ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಬೆಟ್ಟಕ್ಕೆ ಬೇಲಿ ಬಿದ್ದರೆ ತೋಟವೂ ಸೊರಗುತ್ತದೆ.

ಎರಡನೆಯದು ನೀರು. ಸಿದ್ದಾಪುರದ ಕತ್ತಲೆಕಾನಿನಂಥ ಕಡೆ ರಾಮಪತ್ರೆ ಜಡ್ಡಿಗಳಿವೆ. ಇವು ನಿಂತಿರುವುದು ಒಸರುವ ನೀರಿನ ಮೇಲೆ; ಪಕ್ಕದಲ್ಲಿ ಆಳವಾದ ಕಾಲುವೆ ತೋಡಿದರೆ ಒಣಗುತ್ತವೆ. ಮರದಿಂದ ಮರಕ್ಕೆ ಹಾರಿ ಬದುಕುವ ಸಿಂಗಳೀಕಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶವನ್ನು ಘೋಷಿಸಲಾಯಿತು. ಅಗಲವಾದ ರಸ್ತೆಯೊಂದು ನಡುವೆ ಸೀಳಿದರೆ ಅವುಗಳ ದಾರಿಯೇ ತಪ್ಪುತ್ತದೆ.

ಮೂರನೆಯದು ಇಳಿಜಾರು. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ಹಾಳಾದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಗಂಗಾವಳಿಗೆ ಜಾರಿ ಜನ ಸತ್ತರು. ವಸತಿಗಾಗಲಿ ರಸ್ತೆಗಾಗಲಿ ಗುಡ್ಡ ಕಡಿಯುವವರು ಇವೆರಡನ್ನೂ ಮರೆಯಬಾರದು.

ಇಲ್ಲೊಂದು ತೊಡಕಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ರಕ್ಷಣಾ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಲ್ಲ. 2023ರ ತಿದ್ದುಪಡಿಯಂತೆ, ಭದ್ರತೆಗೆ ಸಂಬಂಧಿಸಿದ ಕಟ್ಟಡಗಳಿಗೆ 10 ಹೆಕ್ಟೇರಿನವರೆಗಿನ ಅರಣ್ಯಭೂಮಿಗೆ ಅರಣ್ಯ ಸಂರಕ್ಷಣಾ ಕಾಯಿದೆಯಿಂದ ವಿನಾಯಿತಿ ದೊರೆಯಬಹುದು. ಹೀಗಾಗಿ, ಯಾರಾದರೂ ಬಂದು ನಮ್ಮನ್ನು ಕೇಳುತ್ತಾರೆಂದು ಕಾದು ಕುಳಿತರೆ ಕಾಲ ಮಿಂಚೀತು.

ರಕ್ಷಣೆಯ ಗುಟ್ಟು ಗುಟ್ಟಾಗಿಯೇ ಇರಲಿ. ಎಷ್ಟು ತೋಪು, ಎಷ್ಟು ಸೈನಿಕರೆಂದು ನಾವು ಕೇಳಬೇಕಾದ್ದಿಲ್ಲ. ಬೇಸಗೆಯಲ್ಲಿ ಯಾವ ಹೊಳೆಯಿಂದ ಎಷ್ಟು ನೀರು ಎತ್ತುವರು, ಎಷ್ಟು ಮರ ಬೀಳುವುದು, ಕೊಳೆನೀರು ಎಲ್ಲಿಗೆ ಹರಿಯುವುದು, ಗುಂಡಿನ ಅಭ್ಯಾಸ ಯಾವ ಬೆಟ್ಟದಲ್ಲಿ — ಇಷ್ಟನ್ನು ಹೇಳಿದರೆ ಯಾವ ಶತ್ರುವಿಗೂ ಲಾಭವಿಲ್ಲ. ಹಾಳುಬಿದ್ದ ನೆಲ ಸಿಗುವಾಗ ಕಾಡನ್ನೇಕೆ ಆರಿಸಬೇಕೆಂದೂ ಕೇಳಬಹುದು. ಸೇನೆಗೆ ಕಾಡಿನ ಮೇಲೆ ಹಗೆಯಿಲ್ಲ. ಗಣಿಗಾರಿಕೆಯಿಂದ ಬೋಳಾದ ಮಸೂರಿಯ ಬೆಟ್ಟಗಳಲ್ಲಿ ಮರ ಬೆಳೆಸಲೆಂದೇ 1982ರಲ್ಲಿ ಒಂದು ಪರಿಸರ ಪಡೆಯನ್ನು ಕಟ್ಟಲಾಯಿತು.

ಈ ಸೀಮೆಗೆ ಲೆಕ್ಕ ಕೇಳುವ ರೂಢಿಯಿದೆ. ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟಗಳನ್ನು ತೂಗಲು 1981ರ ಜನವರಿಯಲ್ಲಿ ತೋಟಿಗರೂ ವಿಜ್ಞಾನಿಗಳೂ ಶಿರಸಿಯಲ್ಲಿ ಒಟ್ಟಿಗೆ ಕುಳಿತರು. ಮುಂದೆ ಆ ಯೋಜನೆ ನಿಂತಿತು. ನೀವೂ ನಿಮ್ಮ ಊರಿನ ಒರತೆ, ಹಳ್ಳ, ಬೆಟ್ಟಗಳ ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ದಾಖಲು ಮಾಡಿಸಿ. ಅಳತೆಯ ಸರಪಳಿ ನೆಲಕ್ಕೆ ಬೀಳುವ ಮೊದಲೇ ಆ ಕಾಗದ ಸಿದ್ಧವಾಗಿರಲಿ.