ಸೇವೆಗೆಂದು ಪರನಾಡಿಗೆ ಹೋಗುವವರು

(ಶತಮಾನೋತ್ಸವದ ಯುವಜನರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಭಾಷಣ)



ನಮ್ಮ ಧರ್ಮಕೇಂದ್ರದ ಕೆಲವು ವಿದ್ಯಾರ್ಥಿಗಳು ಈ ಶತಮಾನೋತ್ಸವದ ನೆನಪಿಗಾಗಿ ತಂಡವಾಗಿ ಪರದೇಶಕ್ಕೆ ತೆರಳಿ ಸೇವೆ ಸಲ್ಲಿಸುವ ಆಸೆಯನ್ನು ನಮ್ಮ ಮುಂದಿಟ್ಟಿದ್ದಾರೆ. ಆಸೆ ಉದಾತ್ತವಾದುದು. ಅದನ್ನು ಹರಸುವ ಮುನ್ನ ಒಂದು ಪ್ರಶ್ನೆಯನ್ನು ನಾವೆಲ್ಲರೂ ಕೂಡಿ ಯೋಚಿಸಬೇಕಾಗಿದೆ: ಪರರ ಮನೆಯ ಹೊಸ್ತಿಲನ್ನು ನಾವು ಯಾವ ಮನಸ್ಸಿನಿಂದ ದಾಟುತ್ತೇವೆ?

ಈ ಪ್ರಶ್ನೆ ಹೊಸದಲ್ಲ. 1960ರ ದಶಕದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಕಥೋಲಿಕ ವಿದ್ಯಾರ್ಥಿಗಳು ಬೇಸಿಗೆಯ ರಜೆಯಲ್ಲಿ ಗುಂಪುಗುಂಪಾಗಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆಂದು ಹೋಗುತ್ತಿದ್ದರು. ಅವರ ಸಂಘಟನೆಯ ಸಭೆಯಲ್ಲಿ 1968ರ ಏಪ್ರಿಲ್ 20ರಂದು, ಆಗ ಗುರುಗಳಾಗಿದ್ದ ಇವಾನ್ ಇಲಿಚ್ ಮಾತನಾಡಿದರು. ವಿಯೆನ್ನಾದಲ್ಲಿ ಜನಿಸಿದ ಇಲಿಚರು, ಲ್ಯಾಟಿನ್ ಅಮೆರಿಕಕ್ಕೆ ಬರುವ ಧರ್ಮಪ್ರಚಾರಕರಿಗೆ ಸ್ಪ್ಯಾನಿಷ್ ಭಾಷೆಯನ್ನೂ ಅಲ್ಲಿನ ಜನಜೀವನವನ್ನೂ ಕಲಿಸುವ ಕೇಂದ್ರವನ್ನು ಮೆಕ್ಸಿಕೋದ ಕ್ವೆರ್ನವಾಕಾ ನಗರದಲ್ಲಿ ಸ್ಥಾಪಿಸಿದ್ದರು. ಅಂದು ಅವರು ವಿದ್ಯಾರ್ಥಿಗಳನ್ನು ಹೊಗಳಲಿಲ್ಲ. ಸದುದ್ದೇಶವೊಂದೇ ಸಾಲದು, ಭಾಷೆಯನ್ನರಿಯದವರು ತಮ್ಮಿಂದಾಗುವ ಹಾನಿಯನ್ನೂ ಅರಿಯಲಾರರು, ಅತಿಥಿಗಳಾಗಿ, ಕಲಿಯುವವರಾಗಿ ಬರಬಹುದು, ಉದ್ಧಾರಕರಾಗಿ ಬರಬೇಕಾಗಿಲ್ಲ ಎಂಬುದು ಅವರ ಮಾತಿನ ಸಾರ.

ಮಾತು ಕಟುವಾದುದು, ಆದರೂ ತಳ್ಳಿಹಾಕುವಂತಹುದಲ್ಲ. ಬಾಯಾರಿದಾಗ ನೀರು ಕೇಳಲೂ ಬಾರದ ವಿದ್ಯಾರ್ಥಿ ಆ ಹಳ್ಳಿಯ ತಾಯಿಯ ದುಃಖವನ್ನು ಹೇಗೆ ಅರಿತಾನು? ಕರಣೆ ಹಿಡಿದು ಅಭ್ಯಾಸವಿಲ್ಲದ ಕೈಗಳು ಎರಡು ವಾರಗಳಲ್ಲಿ ಎಬ್ಬಿಸಿದ ಗೋಡೆ ನೆಟ್ಟಗೆ ನಿಂತೀತೆ? ಬಿಟ್ಟಿಯಾಗಿ ಗೋಡೆ ಏಳುವಾಗ ಅದೇ ಊರಿನ ಗಾರೆ ಕೆಲಸದವನ ಕೂಲಿಯ ಗತಿಯೇನು? ಪ್ರಯಾಣಕ್ಕೆ ಸುರಿದ ಹಣದಲ್ಲಿ ಅಂತಹ ಎಷ್ಟು ಗೋಡೆಗಳನ್ನು ಕಟ್ಟಿಸಬಹುದಿತ್ತು?

ಹಾಗಾದರೆ ಹೋಗುವುದೇ ಬೇಡವೆ? ಲೂಕನ ಶುಭಸಂದೇಶದ 10ನೆಯ ಅಧ್ಯಾಯವನ್ನು ನೋಡೋಣ. ಪ್ರಭು ಯೇಸು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸುತ್ತಾರೆ. ಆದರೆ ಹೋಗುವವರ ಕೈಯಲ್ಲಿ ಹಣದ ಚೀಲವಿಲ್ಲ, ಹೆಗಲಿಗೆ ಜೋಳಿಗೆಯಿಲ್ಲ, ಕಾಲಿಗೆ ಕೆರವಿಲ್ಲ. ಹೊಕ್ಕ ಮನೆಗೆ ಮೊದಲು ಶಾಂತಿಯನ್ನು ಕೋರಬೇಕು, ಮನೆಯಿಂದ ಮನೆಗೆ ಅಲೆಯಬಾರದು, ಬಡಿಸಿದುದನ್ನು ಉಣ್ಣಬೇಕು. ರೋಗಿಗಳನ್ನು ಗುಣಪಡಿಸಿರೆಂಬ ಆಜ್ಞೆ ಬರುವುದು ಅದಾದ ಮೇಲೆ! ಪರರ ಅನ್ನದ ಋಣವನ್ನು ಹೊತ್ತವನಿಗೇ ಪರರ ಗಾಯವನ್ನು ಮುಟ್ಟುವ ಅಧಿಕಾರವೆಂದು ನಾವು ಇದನ್ನು ತಿಳಿಯುತ್ತೇವೆ.

ನಮ್ಮ ನಾಡೂ ಇಂತಹ ಅತಿಥಿಗಳನ್ನು ಕಂಡಿದೆ. 17ನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಕನ್ನಡವನ್ನು ಶ್ರಮಪಟ್ಟು ಕಲಿತು, ಆ ಭಾಷೆಯಲ್ಲಿಯೇ ಬರೆದರು. ಬೋಧಿಸಲು ಬಂದವರು ಮೊದಲು ನಮ್ಮ ಜನರ ಮುಂದೆ ಶಿಷ್ಯರಾದರು.

ಆದುದರಿಂದ ಯುವಮಿತ್ರರೇ, ಹೋಗಿರಿ. ಹೊರಡುವ ಮುನ್ನ ಆ ನಾಡಿನ ಭಾಷೆಯನ್ನು ಕೆಲವು ತಿಂಗಳಾದರೂ ಕಲಿಯಿರಿ. ಮಾಡಬೇಕಾದ ಕೆಲಸವನ್ನು ಅಲ್ಲಿನವರೇ ಗೊತ್ತುಮಾಡಲಿ. ಅಲ್ಲಿನ ಮೇಸ್ತ್ರಿಯ ಕೈಕೆಳಗೆ ದುಡಿಯಿರಿ. ಅವನ ಕೂಲಿಯೂ ನಿಮ್ಮ ಖರ್ಚಿನ ಲೆಕ್ಕದಲ್ಲಿ ಸೇರಿರಲಿ. ಬಡವರ ಮಕ್ಕಳೊಡನೆ ಚಿತ್ರ ತೆಗೆಸಿಕೊಳ್ಳುವ ಆತುರ ಬೇಡ. ಹಿಂದಿರುಗಿದ ಮೇಲೆ, ಹೊಟ್ಟೆಪಾಡಿಗಾಗಿ ನಮ್ಮೂರಿಗೇ ಬಂದು ಕಟ್ಟಡಗಳ ಬದಿಯಲ್ಲಿ ತಗಡಿನ ಮನೆಗಳಲ್ಲಿರುವ ಅನ್ಯಭಾಷೆಯ ಕೆಲಸಗಾರರ ಬಾಗಿಲನ್ನೂ ತಟ್ಟಿರಿ. ಅವರ ಮನೆಯ ಒಂದು ಲೋಟ ನೀರನ್ನು ಸಂಕೋಚವಿಲ್ಲದೆ ಕುಡಿಯಬಲ್ಲಿರಾದರೆ, ನಿಮ್ಮ ಯಾತ್ರೆ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.

ಶಿಷ್ಯರನ್ನು ಬರಿಗೈಯಲ್ಲಿ ಕಳುಹಿಸಿದ ಪ್ರಭುವೇ ನಿಮ್ಮನ್ನೂ ಕಳುಹಿಸಲಿ, ಆಶೀರ್ವದಿಸಲಿ.