ಚಟದಿಂದ ಬಿಡುಗಡೆ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪಾಠ ಹೇಳುವ ಈ ಬಾಯಲ್ಲಿ ಎಂಟು ವರ್ಷ ತಂಬಾಕು ಇತ್ತು. ನಮ್ಮ ರಾಜ್ಯದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿತ್ತು. ಆದರೆ ಪಾನ್ ಮಸಾಲ ಬೇರೆ, ತಂಬಾಕು ಬೇರೆ ಪ್ಯಾಕೆಟ್‌ಗಳಲ್ಲಿ ಸಿಗುತ್ತಿತ್ತು, ಬೆರೆಸಿ ತಿನ್ನುತ್ತಿದ್ದೆ. ಒಂದು ದಿನ ಏಳನೇ ತರಗತಿಯ ಹುಡುಗನ ಜೇಬಿನಲ್ಲಿ ಅದೇ ಪ್ಯಾಕೆಟ್ ಸಿಕ್ಕಿತು. "ನೀವೂ ತಿಂತೀರಲ್ಲ ಸರ್" ಎಂದ. ನನ್ನ ಬಾಯಿ ಕಟ್ಟಿಹೋಯಿತು.

ಆ ಪ್ಯಾಕೆಟ್ಟಿನ ಮೇಲೆಯೇ 1800-11-2356 ಎಂಬ ಉಚಿತ ಸಹಾಯವಾಣಿ ಸಂಖ್ಯೆ ಇತ್ತು. ಕರೆ ಮಾಡಿದೆ. ನಂತರ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋದೆ. ದಾಖಲಾಗಬೇಕಿರಲಿಲ್ಲ, ಶಾಲೆ ತಪ್ಪಲಿಲ್ಲ. ಆಪ್ತಸಮಾಲೋಚಕರು ಉಪದೇಶ ಮಾಡಲಿಲ್ಲ. ಯಾವಾಗ, ಯಾರ ಜೊತೆ ತಿನ್ನುತ್ತೀರಿ ಎಂದು ಬರೆದು ತರಲು ಹೇಳಿದರು. ಬಯಕೆ ಬಂದಾಗ ನೀರು ಕುಡಿಯಿರಿ, ಕೆಲವು ನಿಮಿಷ ತಡೆಯಿರಿ, ಅದು ಇಳಿಯುತ್ತದೆ ಎಂದರು. ಮೂರನೇ ತಿಂಗಳು ಒಂದು ಮದುವೆಯಲ್ಲಿ ಮತ್ತೆ ತಿಂದೆ. ತಲೆ ತಗ್ಗಿಸಿ ಹೋದಾಗ, "ಬಂದಿರಲ್ಲ, ಅದೇ ಸಾಕು. ಮತ್ತೆ ಶುರು ಮಾಡೋಣ" ಎಂದರು.

ಬಿಟ್ಟು ಎರಡು ವರ್ಷವಾಯಿತು. ಆ ಹುಡುಗನನ್ನೂ ಅವನ ಅಮ್ಮಿಯೊಂದಿಗೆ ಅಲ್ಲಿಗೆ ಕರೆದೊಯ್ದೆ.

ಮಕ್ಕಳೇ, ಚಟವನ್ನು ಮುಚ್ಚಿಡಬೇಡಿ. ಅದಕ್ಕೆ ಚಿಕಿತ್ಸೆ ಇದೆ. ಹಿರಿಯರೇ, ಒಪ್ಪಿಕೊಂಡು ಬಂದ ಮಗುವನ್ನು ಹೊಡೆಯಬೇಡಿ, ಜೊತೆಗೆ ಹೋಗಿ.