ಕಟ್ಟಿದವರು ಹೋದ ಮೇಲೆ

(ಸಾಫ್ಟ್‌ವೇರ್ ನಿರ್ವಹಣೆ ಕುರಿತ ವಿಚಾರ ಸಂಕಿರಣದ ಆಶಯ ಭಾಷಣ)



ತಂತ್ರಜ್ಞಾನದ ಮೇಲೆ ನಡೆಯುವ ಸಂಕಿರಣಗಳ ಆಹ್ವಾನ ಪತ್ರಿಕೆಯಲ್ಲಿ ನಾವೀನ್ಯ, ಕ್ರಾಂತಿ, ಮುಂದಿನ ಪೀಳಿಗೆ ಇಂಥ ಮಾತುಗಳು ಇದ್ದೇ ಇರುತ್ತವೆ. ಇಲ್ಲಿನ ಸಂಘಟಕರು ಅವನ್ನೆಲ್ಲ ಬದಿಗಿಟ್ಟು ನಿರ್ವಹಣೆ ಎಂಬ ಸಪ್ಪೆ ವಿಷಯವನ್ನು ಆರಿಸಿಕೊಂಡಿದ್ದಾರೆ. ಅದಕ್ಕಾಗಿ ಅವರಿಗೆ ಅಭಿನಂದನೆ. ನಾನು ಹೇಳಬೇಕೆಂದು ಬಂದಿರುವುದು ಒಂದೇ ಮಾತು. ನಮ್ಮ ಉದ್ಯಮ ಕಟ್ಟುವವರಿಗೆ ಹಾರ ಹಾಕುತ್ತದೆ, ಕಾಯುವವರನ್ನು ಮರೆಯುತ್ತದೆ. ಆ ಮರೆವಿಗೆ ದಂಡ ತೆರುವವರು ಬಳಕೆದಾರರು. ಬೆಂಗಳೂರಿಗಂತೂ ಈ ಮರೆವು ಶೋಭಿಸುವುದೇ ಇಲ್ಲ. ಬೇರೆಯವರು ಕಟ್ಟಿದ್ದನ್ನು ಕಾದು, ತಿದ್ದಿ, ನಡೆಸಿಕೊಟ್ಟ ದುಡಿಮೆಯಿಂದಲೇ ಅಲ್ಲವೇ ಇಲ್ಲಿನ ಐಟಿ ಬೆಳೆದದ್ದು?

1990ರ ದಶಕದ ಕೊನೆಯನ್ನು ನೆನಪಿಸಿಕೊಳ್ಳಿ. ಕಂಪ್ಯೂಟರಿನ ಮೆಮೊರಿ ಬಲು ದುಬಾರಿಯಾಗಿದ್ದ ಕಾಲದಲ್ಲಿ ಪ್ರೋಗ್ರಾಮರುಗಳು ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದರು. 1967 ಎಂದರೆ 67. ಹಾಗೆ ಬರೆದ ಪ್ರೋಗ್ರಾಮುಗಳು 2000ನೇ ಇಸವಿ ಬಂದಾಗ ಅದನ್ನು 1900 ಎಂದು ಓದುವ ಅಪಾಯವಿತ್ತು. ಅಮೆರಿಕ, ಯುರೋಪಿನ ಬ್ಯಾಂಕು, ವಿಮಾ ಕಂಪನಿಗಳ ಕೋಬಾಲ್ ಕೋಡಿನಲ್ಲಿ ಅಂಥ ಸಾಲುಗಳನ್ನು ಹುಡುಕಿ ತಿದ್ದುವ ಕೆಲಸ ದೊಡ್ಡ ಪ್ರಮಾಣದಲ್ಲಿ ಭಾರತದ ಕಂಪನಿಗಳಿಗೆ ಬಂತು. ಬೆಂಗಳೂರಿನ ಎಷ್ಟೋ ಮನೆಗಳ ಮೊದಲ ವಿಮಾನ ಪ್ರಯಾಣ, ಮೊದಲ ಫ್ಲ್ಯಾಟು ವೈಟುಕೆ ಎನ್ನುತ್ತಿದ್ದ ಈ ಕೆಲಸದಿಂದಲೇ ಬಂದವು. 2000ದ ಜನವರಿ 1ರಂದು ಹೇಳಿಕೊಳ್ಳುವಂಥ ಅನಾಹುತ ನಡೆಯಲಿಲ್ಲ. ಆಗ ಜನ ಅಂದದ್ದೇನು? ಇದೆಲ್ಲ ಬರೀ ಗುಲ್ಲು, ದುಡ್ಡು ಹೊಡೆಯುವ ಉಪಾಯ ಎಂದು. ನಿರ್ವಹಣೆಯ ಹಣೆಬರಹವೇ ಇಷ್ಟು. ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದುದಕ್ಕೆ ಯಾರೂ ಬೆನ್ನು ತಟ್ಟುವುದಿಲ್ಲ.

ಕಂಪನಿಗಳ ಒಳಗೂ ಇದೇ ಮನೋಭಾವ. ಕಾಲೇಜು ಮುಗಿಸಿ ಬಂದ ಹುಡುಗ ಹುಡುಗಿಯರು ಮೊದಲು ಕೇಳುವ ಪ್ರಶ್ನೆ, 'ಡೆವಲಪ್‌ಮೆಂಟೋ, ಸಪೋರ್ಟೋ?' ಸಪೋರ್ಟ್ ಪ್ರಾಜೆಕ್ಟ್ ಎಂದರೆ ಮುಖ ಬಾಡುತ್ತದೆ. ರಾತ್ರಿ ಎರಡು ಗಂಟೆಗೆ ಫೋನ್ ಬಂದಾಗ ಎದ್ದು, ಬಿದ್ದುಹೋದ ಸರ್ವರನ್ನು ಎಬ್ಬಿಸುವವರ ಹೆಸರು ಟಿಕೆಟ್ಟಿನಲ್ಲಷ್ಟೇ ಉಳಿಯುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ, ವರ್ಷವಿಡೀ ಹಳೆಯ ವ್ಯವಸ್ಥೆಯನ್ನು ಒಂದು ಸಲವೂ ನಿಲ್ಲದಂತೆ ನೋಡಿಕೊಂಡ ತಂಡಕ್ಕೆ ಅಪ್ರೈಸಲ್‌ನಲ್ಲಿ ಸಿಕ್ಕ ಷರಾ, 'ಈ ವರ್ಷ ಹೊಸದೇನನ್ನೂ ನೀಡಿಲ್ಲ.'

ಶಾಸ್ತ್ರ ಏನು ಹೇಳುತ್ತದೆ ನೋಡೋಣ. 1970ರ ದಶಕದಲ್ಲೇ ಮೀರ್ ಲೇಮನ್ ಎಂಬ ವಿಜ್ಞಾನಿ ಒಂದು ನಿಯಮವನ್ನು ಮುಂದಿಟ್ಟರು: ಲೋಕದ ವ್ಯವಹಾರದಲ್ಲಿ ಬಳಕೆಯಾಗುವ ಪ್ರೋಗ್ರಾಮು ಸತತವಾಗಿ ಬದಲಾಗುತ್ತಿರಬೇಕು, ಇಲ್ಲದಿದ್ದರೆ ಅದರ ಉಪಯುಕ್ತತೆ ದಿನೇ ದಿನೇ ಕುಗ್ಗುತ್ತದೆ. 1976ರಲ್ಲಿ ಬರ್ಟನ್ ಸ್ವಾನ್‌ಸನ್ ನಿರ್ವಹಣೆಯನ್ನು ಮೂರಾಗಿ ವಿಂಗಡಿಸಿದರು: ತಪ್ಪು ತಿದ್ದುವುದು, ಬದಲಾದ ಪರಿಸರಕ್ಕೆ ಹೊಂದಿಸುವುದು, ಇರುವುದನ್ನು ಇನ್ನಷ್ಟು ಉತ್ತಮಗೊಳಿಸುವುದು. ಎರಡನೆಯದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಂದು ಅದರ ದರಗಳು ಬದಲಾದವು. ಕಿರಾಣಿ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಆ ದಿನ ಯಾವ ತಪ್ಪೂ ಇರಲಿಲ್ಲ. ನಿನ್ನೆ ಸರಿಯಾಗಿದ್ದ ಕೋಡು, ಒಂದಕ್ಷರ ಬದಲಾಗದೆಯೂ, ಬೆಳಗಾಗುವಷ್ಟರಲ್ಲಿ ತಪ್ಪು ಬಿಲ್ಲು ಕೊಡುವಂತಾಯಿತು. ಆದರೂ ನಮ್ಮ ಇಂಜಿನಿಯರಿಂಗ್ ತರಗತಿಗಳಲ್ಲಿ ಪಾಠ ನಡೆಯುವುದು ಖಾಲಿ ಪರದೆಯಿಂದ ಶುರು ಮಾಡಿ ಹೊಸದನ್ನು ಬರೆಯುವ ಬಗೆಗೆ. ಕೆಲಸಕ್ಕೆ ಸೇರಿದ ಮೇಲೆ ಖಾಲಿ ಪರದೆ ಸಿಗುವುದು ಅಪರೂಪ. ಸಿಗುವುದು, ಬರೆದವರು ಯಾರೆಂದು ಗೊತ್ತಿಲ್ಲದ ಲಕ್ಷಾಂತರ ಸಾಲುಗಳ ಹಳೆಯ ಕೋಡು.

ಈ ಅಸಡ್ಡೆ ಎಷ್ಟು ಅಪಾಯಕಾರಿ ಎಂಬುದು ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ಮತ್ತೆ ಮತ್ತೆ ಕಂಡಿದೆ. 2014ರಲ್ಲಿ ಓಪನ್ಎಸ್ಎಸ್ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಯಿತು. ಇಂಟರ್‌ನೆಟ್ಟಿನ ಗುಪ್ತ ವ್ಯವಹಾರದ ಬಹುಭಾಗ ನಂಬಿಕೊಂಡಿದ್ದ ಆ ಸಾಫ್ಟ್‌ವೇರನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. ವರ್ಷಕ್ಕೆ ಅವರಿಗೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಸರದಿ. ಅದನ್ನು ತಿದ್ದಲು ಹಗಲು ರಾತ್ರಿ ಕೂತವರೂ ಸ್ವಯಂಸೇವಕರೇ.

ಎಲ್ಲಕ್ಕಿಂತ ಹೆಚ್ಚು ಕಲಿಸುವುದು 2024ರ ಎಕ್ಸ್‌ಝಡ್ ಪ್ರಕರಣ. ಎಕ್ಸ್‌ಝಡ್ ಎಂಬುದು ಫೈಲುಗಳನ್ನು ಕುಗ್ಗಿಸುವ ಒಂದು ಸಣ್ಣ ಸಾಧನ, ಲಿನಕ್ಸ್ ಇರುವ ಬಹುತೇಕ ಕಡೆ ಇರುತ್ತದೆ. ಲಾಸ್ಸೆ ಕಾಲಿನ್ ಎಂಬೊಬ್ಬರು ಅದನ್ನು ವರ್ಷಗಟ್ಟಲೆ ಸಂಬಳವಿಲ್ಲದೆ, ಬಹುಮಟ್ಟಿಗೆ ಒಬ್ಬರೇ ನೋಡಿಕೊಂಡಿದ್ದರು. ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಕೆಲವರು ಒತ್ತಾಯಿಸಲು ಶುರುಮಾಡಿದರು. ಅದೇ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಸಹಾಯಕ್ಕೆ ಬಂದರು. ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ಒಳ್ಳೆಯ ಕೆಲಸವನ್ನೇ ಮಾಡಿ, ನಂಬಿಕೆ ಗಳಿಸಿ, ಕೊನೆಗೆ 5.6.0 ಆವೃತ್ತಿಯಲ್ಲಿ ಕಳ್ಳಬಾಗಿಲನ್ನು ಇಟ್ಟರು. ಅದು ಪತ್ತೆಯಾದದ್ದು ಯಾವ ಭದ್ರತಾ ಸಂಸ್ಥೆಯಿಂದಲೂ ಅಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಬೇರೇನನ್ನೋ ಪರೀಕ್ಷಿಸುತ್ತಿದ್ದಾಗ, ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಪಟ್ಟು ಬೆನ್ನು ಹತ್ತಿದರು. ಮಾರ್ಚ್ 29ರಂದು ವಿಷಯ ಹೊರಬಂತು. ಇಲ್ಲಿ ಕಳ್ಳ ಮುರಿದದ್ದು ಬೀಗವನ್ನಲ್ಲ. ಒಂಟಿಯಾಗಿ ಕಾದು ದಣಿದ ಮನುಷ್ಯನೊಬ್ಬನ ಬಳಿ ನೆರವಿನ ವೇಷದಲ್ಲಿ ಬಂದು ಕೀಲಿ ಪಡೆದ. ಜಗತ್ತನ್ನು ಉಳಿಸಿದ್ದೂ ಇನ್ನೊಬ್ಬ ನಿರ್ವಾಹಕನ ಕಿರಿಕಿರಿಯ ಸ್ವಭಾವವೇ.

ಹಾಗೆಂದು ದುಡ್ಡು ಕೊಟ್ಟು ಮಾಡಿಸುವ ನಿರ್ವಹಣೆ ತಾನಾಗಿ ಒಳ್ಳೆಯದಾಗುವುದಿಲ್ಲ. ಅದೇ ವರ್ಷ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ದೋಷವಿದ್ದ ಒಂದು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದುಕೊಡಬೇಕಾಯಿತು. ಎಲ್ಲ ಯಂತ್ರಗಳಿಗೂ ಒಂದೇ ಏಟಿಗೆ ಕಳಿಸುವ ಬದಲು ಮೊದಲು ಕೆಲವಕ್ಕೆ ಕಳಿಸಿ ನೋಡುವುದು ನಿರ್ವಹಣೆಯ ಮೊದಲ ಪಾಠ. ಆತುರ ಆ ಪಾಠವನ್ನು ಮರೆಸಿತು.

ಇನ್ನು ನಮ್ಮ ಕೈಯಲ್ಲಿರುವ ಯಂತ್ರಗಳ ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತು, ಅಲ್ಲಿನ ಇಕ್ಕಟ್ಟಾದ ಮಳಿಗೆಗಳಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿದು ಕೂತವರು ಕೈಬಿಡುವ ಯಂತ್ರ ಕಡಿಮೆ. ಆದರೆ ಈಗಿನ ಫೋನುಗಳ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಯಂತ್ರ ಗಟ್ಟಿಮುಟ್ಟಾಗಿದ್ದರೂ ಅಪ್‌ಡೇಟ್ ನಿಂತರೆ ಬ್ಯಾಂಕಿನ ಆ್ಯಪ್ ಒಂದು ದಿನ ಓಡುವುದಿಲ್ಲ ಎನ್ನುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ರ ಷರತ್ತುಗಳಿಗೆ ಹೊಂದದ ಎಷ್ಟೋ ಕಂಪ್ಯೂಟರುಗಳು ನಮ್ಮ ಕಾಲೇಜುಗಳ ಲ್ಯಾಬುಗಳಲ್ಲಿ ಇವತ್ತೂ ಚೆನ್ನಾಗಿ ನಡೆಯುತ್ತಿವೆ. ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ನಡೆಯುತ್ತವೆ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯವನ್ನು ಹೊರಹಾಕಿತು. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಕಳಿಸಿದ್ದು ಅದರ ಕಾಲು ಭಾಗಕ್ಕಿಂತ ಕಡಿಮೆ.

ಕಾನೂನಿನಿಂದ ಇದನ್ನು ತಿದ್ದಬಹುದು. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಹೊಸ ಫೋನುಗಳಿಗೆ, ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್, 7 ವರ್ಷ ಬಿಡಿಭಾಗ ಕೊಡಬೇಕೆಂಬ ನಿಯಮ ಬಂದಿದೆ. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಅದು ಮಾಹಿತಿ ಕೊಡುತ್ತದೆ. ಆದರೆ ಮಾಹಿತಿಯ ಹಿಂದೆ ಕಡ್ಡಾಯವಿಲ್ಲದಿದ್ದರೆ ಅದರ ಬಲ ಅಷ್ಟಕ್ಕಷ್ಟೆ ಎಂಬುದು ನನ್ನ ಅಭಿಪ್ರಾಯ.

ಕನ್ನಡದ ಕತೆಗೆ ಬರೋಣ. ಯೂನಿಕೋಡ್‌ನ ಮೊದಲ ಆವೃತ್ತಿ ಬಂದ 1991ರಲ್ಲೇ ಕನ್ನಡಕ್ಕೆ ಅದರಲ್ಲಿ ಜಾಗವಿತ್ತು. ಆದರೂ ನಮ್ಮ ಡಿಟಿಪಿ ಲೋಕ ಬಹುಕಾಲ ನಡೆದದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳ ಮೇಲೆ. ನುಡಿ, ಬರಹ, ಶ್ರೀಲಿಪಿ, ಇವೆಲ್ಲ ಆ ಕಾಲದ ಅಗತ್ಯವನ್ನು ಚೆನ್ನಾಗಿಯೇ ಪೂರೈಸಿದವು. ಅವುಗಳಿಲ್ಲದೆ ಕಂಪ್ಯೂಟರಿನಲ್ಲಿ ಕನ್ನಡ ಇಷ್ಟು ಬೇಗ ಓಡುತ್ತಿರಲಿಲ್ಲ. ಆದರೆ ಆ ಫೈಲುಗಳನ್ನು ಇವತ್ತು ತೆರೆದಾಗ ಫಾಂಟು ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಪ್ರಕಾಶಕರ ಬಳಿ, ಪತ್ರಿಕಾ ಕಚೇರಿಗಳಲ್ಲಿ, ಸತ್ತುಹೋದ ಸಾಹಿತಿಗಳ ಮನೆಯ ಸಿಡಿಗಳಲ್ಲಿ ಒಂದು ತಲೆಮಾರಿನ ಬರವಣಿಗೆ ಹೀಗೆ ಸಿಕ್ಕಿಕೊಂಡಿದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಲ್ಲಿ ಎಷ್ಟೋ ತಯಾರಾದದ್ದು ಉತ್ಸಾಹಿಗಳ ಬಿಡುವಿನ ವೇಳೆಯಲ್ಲಿ. ಅನುದಾನಕ್ಕೆ ಬಿಡುಗಡೆ ಸಮಾರಂಭ ಇಷ್ಟ, ಆಮೇಲಿನ ದುರಸ್ತಿ ಇಷ್ಟವಿಲ್ಲ.

ಅಕ್ಷರಗಳ ಪಟ್ಟಿಯೂ ಮುಗಿದ ಕೆಲಸವಲ್ಲ. ಹಳಗನ್ನಡದ ಬರಹಗಳಲ್ಲಿ ಕಾಣುವ ನಕಾರ ಪೊಲ್ಲು ಯೂನಿಕೋಡಿಗೆ ಸೇರಿದ್ದು 2021ರಲ್ಲಿ, ಅಂದರೆ ಕನ್ನಡ ಅಲ್ಲಿಗೆ ಹೋಗಿ ಮೂವತ್ತು ವರ್ಷ ಕಳೆದ ಮೇಲೆ. ಯಾರೋ ಪ್ರಸ್ತಾವ ಬರೆದು, ಪುರಾವೆ ಒದಗಿಸಿ, ಬೆನ್ನು ಬಿಡದೆ ಹಿಂಬಾಲಿಸಿದ್ದರಿಂದ ಅದು ಬಂತು. ಪಟ್ಟಿಗೆ ಸೇರಿದ ಮೇಲೂ ಫಾಂಟು ಮಾಡುವವರು, ಕೀಲಿಮಣೆ ಮಾಡುವವರು ಅದನ್ನು ತಮ್ಮದಕ್ಕೆ ಅಳವಡಿಸಬೇಕು.

ಈಗ ಎಲ್ಲರ ಬಾಯಲ್ಲಿರುವ ಎಐ. ಕೋಡ್ ಬರೆದುಕೊಡುವ ಸಾಧನಗಳನ್ನು ನಾನೂ ದಿನವೂ ಬಳಸುತ್ತೇನೆ; ಅವು ಉಪಯುಕ್ತ. ಆದರೆ ಬರೆಯುವ ವೇಗ ಹೆಚ್ಚಿದಷ್ಟು, ಬರೆದದ್ದನ್ನು ಓದಿ ಅರಿತುಕೊಳ್ಳುವ ವೇಗ ಹೆಚ್ಚಿಲ್ಲ. ಯಾರೂ ಪೂರ್ತಿ ಓದದ ಕೋಡು ರಾಶಿ ಬೀಳುತ್ತಿದೆ. ಹತ್ತು ವರ್ಷದ ಹಿಂದಿನ ಕೋಡು ಕೆಟ್ಟಾಗ, ಬರೆದವರು ಕಂಪನಿ ಬಿಟ್ಟಿದ್ದರೂ ಅವರಿಗೊಂದು ಫೋನ್ ಮಾಡಿ, ಇದನ್ನು ಹೀಗೇಕೆ ಮಾಡಿದಿರಿ ಎಂದು ಕೇಳಬಹುದಿತ್ತು. ಇನ್ನು ಮುಂದೆ ಯಾರನ್ನು ಕೇಳುವುದು?

ಪರಿಹಾರಕ್ಕೆ ಸಿಲಿಕಾನ್ ವ್ಯಾಲಿಯತ್ತ ನೋಡಬೇಕಾಗಿಲ್ಲ. ನಮ್ಮ ನಾಡಿನಲ್ಲಿ ಕೆರೆ ಕಟ್ಟಿಸಿದವರಿಗೂ ಅದರ ದುರಸ್ತಿ ನೋಡಿಕೊಳ್ಳುವವರಿಗೂ ಭೂಮಿ ಬಿಟ್ಟ ದಾಖಲೆಗಳು ಶಾಸನಗಳಲ್ಲಿ ಬೇಕಾದಷ್ಟಿವೆ. ಕಟ್ಟುಕೊಡಗೆ, ಬಿತ್ತುವಟ್ಟ ಎನ್ನುತ್ತಿದ್ದ ದತ್ತಿಗಳು ಇಂಥವು. ಹೂಳು ಸಾಗಿಸುವ ಬಂಡಿಗಳ ಖರ್ಚಿಗೂ ದತ್ತಿ ಇರುತ್ತಿತ್ತು. ಏರಿ ಕಟ್ಟುವಾಗಲೇ ಹೂಳು ತುಂಬುತ್ತದೆಂದು ಅವರಿಗೆ ಗೊತ್ತಿತ್ತು, ಅದನ್ನು ಎತ್ತುವವನ ಊಟಕ್ಕೂ ಆಗಲೇ ವ್ಯವಸ್ಥೆ ಮಾಡುತ್ತಿದ್ದರು. ಸಾಫ್ಟ್‌ವೇರಿಗೂ ಇದೇ ಆಗಬೇಕು. ಸರ್ಕಾರದ ಟೆಂಡರಾಗಲಿ, ವಿಶ್ವವಿದ್ಯಾಲಯದ ಯೋಜನೆಯಾಗಲಿ, ಕಂಪನಿಯ ಬಜೆಟ್ಟಾಗಲಿ, ಕಟ್ಟುವ ದುಡ್ಡಿನ ಜೊತೆಗೇ ಕಾಯುವ ದುಡ್ಡನ್ನೂ ತೆಗೆದಿಡಬೇಕು. ಮುಕ್ತ ತಂತ್ರಾಂಶವನ್ನು ಪುಕ್ಕಟೆಯಾಗಿ ಬಳಸಿ ಲಾಭ ಗಳಿಸುವ ಕಂಪನಿ ಅದರ ನಿರ್ವಾಹಕರಿಗೆ ಪಾಲು ಕೊಡಬೇಕು. ಇದು ದಾನವಲ್ಲ, ವ್ಯವಹಾರದ ಖರ್ಚು.

ಎರಡು ದಿನದ ಗೋಷ್ಠಿಗಳ ಮುಂದೆ ನಾಲ್ಕು ಪ್ರಶ್ನೆಗಳನ್ನಿಡುತ್ತೇನೆ. ಹಳೆಯ ಕೋಡನ್ನು ಓದುವುದನ್ನು ಪಠ್ಯದಲ್ಲಿ ಕಲಿಸುವುದು ಹೇಗೆ? ನಿರ್ವಹಣೆಯ ಕೆಲಸವನ್ನು ಬಡ್ತಿಯ ಲೆಕ್ಕಕ್ಕೆ ತರಲು ಯಾವ ಅಳತೆ ಬೇಕು? ಹಳೆಯ ಫಾಂಟುಗಳಲ್ಲಿ ಸಿಕ್ಕಿಕೊಂಡಿರುವ ಕನ್ನಡವನ್ನು ಬಿಡಿಸುವ ಹೊಣೆ ಯಾರದು? ಒಂದು ಸಾಫ್ಟ್‌ವೇರನ್ನು ಮರ್ಯಾದೆಯಿಂದ ನಿಲ್ಲಿಸುವ, ಬಳಕೆದಾರರಿಗೆ ಅವರ ದತ್ತಾಂಶವನ್ನು ಹಿಂದಿರುಗಿಸಿ ಬಾಗಿಲು ಹಾಕುವ ಕ್ರಮ ಹೇಗಿರಬೇಕು?

ವಿದ್ಯಾರ್ಥಿಗಳಿಗೆ ಒಂದು ದಿನಾಂಕ. ಹಲವು ಯಂತ್ರಗಳು ಸಮಯವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. 32 ಬಿಟ್ಟಿನ ಎಣಿಕೆಯಲ್ಲಿ ಆ ಲೆಕ್ಕ 2,14,74,83,647ಕ್ಕೆ ಮುಗಿಯುತ್ತದೆ. ಭಾರತದ ಸಮಯದಲ್ಲಿ ಅದು 2038ರ ಜನವರಿ 19, ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಹೊಸ ಕಂಪ್ಯೂಟರುಗಳು ಬಹುಪಾಲು ಸಿದ್ಧವಾಗಿವೆ. ಆದರೆ ಕಾರ್ಖಾನೆಗಳ ನಿಯಂತ್ರಕ, ಮೀಟರುಗಳಂಥ ಸಣ್ಣ ಯಂತ್ರಗಳಲ್ಲಿ ಹಳೆಯ ಎಣಿಕೆ ಎಲ್ಲೆಲ್ಲಿ ಅಡಗಿದೆಯೋ ಹುಡುಕಿ ತೆಗೆಯಬೇಕು. ಆಗ ತಂಡಗಳನ್ನು ನಡೆಸುವವರು ನೀವೇ.

ಸಂಕಿರಣದ ಕೊನೆಗೆ ನಿರ್ಣಯಗಳನ್ನು ಅಂಗೀಕರಿಸುವುದು ನಮ್ಮ ರೂಢಿ. ಈ ಸಲ ಪ್ರತಿ ನಿರ್ಣಯದ ಮುಂದೆ, ಬರುವ ವರ್ಷ ಅದರ ಬೆನ್ನು ಹತ್ತುವವರು ಯಾರು ಎಂಬ ಹೆಸರನ್ನೂ ಬರೆಯೋಣ. ಹೆಸರು ಬರೆಸಲು ಯಾರೂ ಮುಂದೆ ಬರದ ನಿರ್ಣಯವನ್ನು ಕೈಬಿಡೋಣ.